ಇದ್ರಾಗ ಆನಿನೇ ಇಲ್ಲ

ಬಸವಕಲ್ಯಾಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಸಂಶೋಧನೆಯ ನೆಪದಲ್ಲಿ ಕೆಲವು ತಿಂಗಳು ಕೂತಿದ್ದೆ. ಮಕ್ಕಳು ಪುಸ್ತಕ ವಾಪಸು ಕೊಡುವಾಗ ತುಂಬಲೆಂದು ಒಂದು ಹಾಳೆ ಮಾಡಿಕೊಂಡಿದ್ದೆ. ಪುಸ್ತಕದ ಹೆಸರು, ಎಷ್ಟು ವಯಸ್ಸಿನವರು ಓದಬಹುದು, ಐದರಲ್ಲಿ ಎಷ್ಟು ಚುಕ್ಕಿ, ಯಾಕೆ. ಏಳನೇ ತರಗತಿಯ ಹುಡುಗಿಯೊಬ್ಬಳು ಹರಳಯ್ಯನ ಕಥೆಯ ತೆಳ್ಳನೆಯ ಪುಸ್ತಕ ತಂದುಕೊಟ್ಟು ಒಂದೇ ಚುಕ್ಕಿ ಹಾಕಿದಳು. 'ಯಾಕೆ' ಎಂಬಲ್ಲಿ ಏನೂ ಬರೆದಿರಲಿಲ್ಲ. ಕೇಳಿದೆ.

"ಇದ್ರಾಗ ಆನಿನೇ ಇಲ್ಲ ಅಕ್ಕಾ" ಅಂದಳು.

ಆಕೆಯ ತಾಯಿಯ ತವರು ಬಸವಕಲ್ಯಾಣ. ಹರಳಯ್ಯನ ಗವಿಯನ್ನು ಅವಳು ಕಂಡಿದ್ದಾಳೆ, ಅಜ್ಜಿಯ ಕೈಹಿಡಿದು ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಡೆದಿದ್ದಾಳೆ. ಹರಳಯ್ಯ ಮತ್ತು ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಊರೆಲ್ಲ ಎಳೆಸಿದರು ಎಂಬುದು ಅವಳಿಗೆ ಓದು ಬರುವ ಮುಂಚೆಯೇ ಗೊತ್ತು. ಪುಸ್ತಕದಲ್ಲಿ ಮದುವೆ ಆಗುತ್ತದೆ, ರಾಜನಿಗೆ ಸಿಟ್ಟು ಬರುತ್ತದೆ, ಶರಣರು ಲಿಂಗದಲ್ಲಿ ಒಂದಾಗುತ್ತಾರೆ. ಅಷ್ಟಕ್ಕೆ ಮುಗಿಯುತ್ತದೆ.

ಸಣ್ಣ ಮಕ್ಕಳಿಗೆ ರಕ್ತ ಬೇಡವೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟಿರಬೇಕು ಅಂದುಕೊಂಡೆ. ಆಮೇಲೆ ಪುಸ್ತಕವನ್ನು ನಾನೇ ಓದಿದೆ. ಹರಳಯ್ಯನ ಶರಣಾರ್ಥಿಗೆ ಬಸವಣ್ಣ ಒಂದು ಶರಣು ಹೆಚ್ಚಾಗಿ ಹೇಳಿದ. ಆ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ಕೊಯ್ದು ಚಮ್ಮಾವುಗೆ ಹೊಲಿದರು. ಈ ಭಾಗ ಪೂರ್ತಿ ಇದೆ. ಚಿತ್ರವೂ ಇದೆ, ಕೈಯಲ್ಲಿ ಕತ್ತಿ, ತೊಡೆಯಿಂದ ರಕ್ತ. ಹಾಗಾದರೆ ಬಿಟ್ಟದ್ದು ರಕ್ತವನ್ನಲ್ಲ. ಭಕ್ತ ತನ್ನ ಚರ್ಮ ತಾನೇ ಕೊಯ್ದುಕೊಂಡರೆ ಅದು ಮಕ್ಕಳ ಕಥೆ, ಅರಸ ಅದೇ ಭಕ್ತನನ್ನು ಕೊಲ್ಲಿಸಿದರೆ ದೊಡ್ಡವರ ಕಥೆ. ಈ ಅಳತೆಗೋಲು ಯಾರದು, ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಬಹಳ ದೂರ ಹೋಗಬೇಕಾಗಲಿಲ್ಲ. ಅದರ ಒಂದೆರಡು ತುದಿಗಳು ಇದೇ ಊರಿನಲ್ಲಿದ್ದವು.

ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದದ್ದು ಆರನೇ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ. ಆ ಗ್ರಂಥ ಮುಂದೆ ಬ್ರಿಟಿಷರ ನ್ಯಾಯಾಲಯಗಳಲ್ಲೂ ಹಿಂದೂ ಕಾನೂನಿನ ಆಧಾರವಾಯಿತು. ಮಿತಾಕ್ಷರ ಪಂಥದಲ್ಲಿ ಹದಿನಾರು ತುಂಬಿದ ಮೇಲೆ ಮನುಷ್ಯ ವ್ಯವಹಾರಕ್ಕೆ ಅರ್ಹ. ಅದಕ್ಕೂ ಹಿಂದಿನ ನಾರದಸ್ಮೃತಿ ಇನ್ನೂ ಬಿಡಿಸಿ ಹೇಳುತ್ತದೆ: ಎಂಟರವರೆಗೆ ಶಿಶು, ಹದಿನಾರರವರೆಗೆ ಬಾಲ. ಇದು ಸಾಲ, ಸಾಕ್ಷಿ, ಆಸ್ತಿಗೆ ಎಳೆದ ಗೆರೆ, ಕಥೆಗೆ ಎಳೆದದ್ದಲ್ಲ. ಆದರೂ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ನಿಯಮದಲ್ಲಿ ಮಕ್ಕಳ ಸಾಹಿತ್ಯವೆಂದರೆ ಒಂಬತ್ತರಿಂದ ಹದಿನಾರು ವಯಸ್ಸಿನವರಿಗಾಗಿ ಬರೆದದ್ದು ಎಂದು ಓದಿದಾಗ ನಗು ಬಂತು. ನಾರದ ಎಂಟಕ್ಕೆ ನಿಲ್ಲಿಸಿದಲ್ಲಿಂದ ಅಕಾಡೆಮಿ ಹಿಡಿದುಕೊಂಡಿದೆ, ನಾರದ ಬಿಟ್ಟಲ್ಲಿಗೇ ಬಿಟ್ಟಿದೆ. ಒಂದನ್ನು ನೋಡಿ ಇನ್ನೊಂದು ಮಾಡಿದ್ದಲ್ಲ, ನಿಜ. ಆ ಎರಡು ಅಂಕಿಗಳು ನಮ್ಮಲ್ಲಿ ಹಳೆಯವು, ಅಷ್ಟೇ.

ಕಥೆಯ ಮಾತಿಗೆ ಬಂದರೆ ದುರ್ಗಸಿಂಹನಿದ್ದಾನೆ. ಕಲ್ಯಾಣದ ಚಾಲುಕ್ಯರ ದೊರೆ ಎರಡನೇ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಈತ ಸುಮಾರು 1031ರಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದ. ಕಲ್ಯಾಣ ಪೂರ್ಣ ರಾಜಧಾನಿಯಾದದ್ದು ಆಮೇಲೆ, ಜಯಸಿಂಹನ ಮಗ ಒಂದನೇ ಸೋಮೇಶ್ವರನ ಕಾಲಕ್ಕೆ. ಆದ್ದರಿಂದ ಅದನ್ನು ಬಸವಕಲ್ಯಾಣದಲ್ಲೇ ಬರೆದದ್ದು ಎಂದು ನಾನು ಹೇಳಲಾರೆ, ಆ ಮನೆತನದ ಆಸ್ಥಾನದಲ್ಲಿ ಎಂದಷ್ಟೇ ಹೇಳಬಲ್ಲೆ. ದುರ್ಗಸಿಂಹ ಹಿಂಬಾಲಿಸಿದ್ದು ನಮಗೆಲ್ಲ ಗೊತ್ತಿರುವ ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು. ಅವನ ಐದು ತಂತ್ರಗಳ ಹೆಸರೂ ಬೇರೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಮಕ್ಕಳಿಗೆ ಕಲಿಸುವ ವಿಷಯಗಳ ಪಟ್ಟಿಯಲ್ಲಿ ವಂಚನೆ ಒಂದು ಅಧ್ಯಾಯ. ಇವತ್ತು ಯಾವ ಆಯ್ಕೆ ಸಮಿತಿಯ ಮುಂದಾದರೂ ಇಟ್ಟು ನೋಡಿ!

ಓದು ತಲೆಗೆ ಹತ್ತದ ರಾಜಕುಮಾರರಿಗೆ ಕಥೆಯ ಮೂಲಕ ರಾಜನೀತಿ ಹೇಳುವುದು ಆ ಗ್ರಂಥದ ಚೌಕಟ್ಟು. ಆ ಹುಡುಗರು ನಾಳೆ ಆಳಬೇಕಾದವರು, ಮೋಸ ಹೋಗಬಾರದು. ಅದಕ್ಕೇ ಪಂಚತಂತ್ರ ಪರಂಪರೆಯಲ್ಲಿ ಗಂಡನಿಗೆ ಮಣ್ಣೆರಚುವ ಹೆಂಡತಿ, ಕೊಯ್ದ ಮೂಗು, ಗೆಳೆಯನನ್ನು ಕೊಲ್ಲಿಸುವ ನರಿ ಎಲ್ಲ ಇವೆ. ನಮ್ಮ ಕೈಗೆ ಬಂದ ಮಕ್ಕಳ ಪಂಚತಂತ್ರದಲ್ಲಿ ಉಳಿದದ್ದು ಮಂಗ, ಮೊಸಳೆ, ಆಮೆ, ಹಂಸ. ಆಳುವವನ ಮಗನಿಗೆ ಲೋಕ ಇದ್ದ ಹಾಗೆ ತಿಳಿಯಬೇಕಿತ್ತು, ಶಾಲೆಗೆ ಹೋಗುವ ಎಲ್ಲರ ಮಕ್ಕಳಿಗೆ ಲೋಕ ಹೇಗಿರಬೇಕೋ ಹಾಗೆ ತಿಳಿದರೆ ಸಾಕು. ಶಾಲೆ ಎಲ್ಲರದಾದಾಗಲೇ ಕಥೆ ಸಣ್ಣದಾಯಿತು ಎಂಬುದು ನನ್ನ ಅನುಮಾನ. ಸಾಬೀತು ಮಾಡಲು ಪಿಎಚ್.ಡಿ. ಒಂದು ಸಾಲದು.

ನಡುವಿನ ಶತಮಾನಗಳನ್ನು ದಾಟಿ ನಿಜಾಮನ ಕಾಲಕ್ಕೆ ಬರುತ್ತೇನೆ, ಯಾಕೆಂದರೆ ಸರ್ಕಾರ ಕಥೆಗೆ ಅಂಕ ಕೊಡುವ ಪದ್ಧತಿ ನಮ್ಮ ಭಾಗಕ್ಕೆ ಹತ್ತಿರವಾದದ್ದು ಉರ್ದುವಿನ ಮೂಲಕ. 1868ರ ಆಗಸ್ಟ್‌ನಲ್ಲಿ ವಾಯವ್ಯ ಪ್ರಾಂತ್ಯದ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ದೇಶಭಾಷೆಯಲ್ಲಿ ಉಪಯುಕ್ತ ಪುಸ್ತಕ ಬರೆದವರಿಗೆ ಬಹುಮಾನ. ಹೆಣ್ಣುಮಕ್ಕಳಿಗೆ ತಕ್ಕ ಪುಸ್ತಕಗಳಿಗೆ ವಿಶೇಷ ಆದರ. ಡೆಪ್ಯುಟಿ ನಜೀರ್ ಅಹಮದ್ 1869ರಲ್ಲಿ 'ಮಿರಾತುಲ್ ಉರೂಸ್' ಎಂಬ ಕಾದಂಬರಿ ಕಳಿಸಿದರು. ಜಾಣೆ ತಂಗಿ, ಹಟಮಾರಿ ಅಕ್ಕ, ಇಬ್ಬರ ಸಂಸಾರ. ಸಾವಿರ ರೂಪಾಯಿ ಬಹುಮಾನ ಬಂತು, ಸರ್ಕಾರ ಎರಡು ಸಾವಿರ ಪ್ರತಿ ಕೊಂಡಿತು. ಸಗಟು ಖರೀದಿ ಎಂದರೆ ಕನ್ನಡ ಪ್ರಕಾಶಕರಿಗೆ ಇವತ್ತು ಏನು ಅರ್ಥವೋ ಅದು 1869ರಲ್ಲೇ ಇತ್ತು. ಲೇಖಕ ಏನು ಬರೆದರೆ ಪ್ರತಿ ಹೋಗುತ್ತದೆ ಎಂಬುದೂ ಆಗಲೇ ತಿಳಿಯಿತು.

ನಜೀರ್ ಅಹಮದ್ ಮುಂದೆ ಸಾಲಾರ್ ಜಂಗ್ ಕರೆದರೆಂದು ಹೈದರಾಬಾದಿಗೆ ಬಂದು ಕೆಲವು ವರ್ಷ ನಿಜಾಮ ಸರ್ಕಾರದ ನೌಕರಿ ಮಾಡಿದರು. ಅವರ 'ತೌಬತುನ್ನಸೂಹ್' (1874) ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ಕಾಯಿಲೆಯಿಂದ ಎದ್ದು ಧರ್ಮಭೀರುವಾದ ತಂದೆ ನಸೂಹ್, ಬೆಳೆದ ಮಗ ಕಲೀಮನ ಕೋಣೆಗೆ ಹೋಗಿ ಅವನ ಕಾವ್ಯ, ಕಥೆಗಳ ಪುಸ್ತಕಗಳನ್ನು ನೋಡಿ ಬೆಂಕಿಗೆ ಹಾಕುತ್ತಾನೆ. ಬರೆದವರ ಸಹಾನುಭೂತಿ ಅಪ್ಪನ ಕಡೆಗೇ ಇದೆ. ಆದರೆ ಓದುವವರಿಗೆ ಕಲೀಮನ ಕಪಾಟೇ ನೆನಪಿನಲ್ಲಿ ಉಳಿಯುತ್ತದೆ, ನನಗಂತೂ ಉಳಿಯಿತು. ಎಳೆಯರ ಓದಿಗೆ ಬೆಲೆ ಕಟ್ಟುವವರು ಯಾರೆಂಬ ಪ್ರಶ್ನೆ ಇಷ್ಟು ಸ್ಪಷ್ಟವಾಗಿ ಎದ್ದ ಭಾರತೀಯ ಕಾದಂಬರಿಗಳು ಕಡಿಮೆ.

ಆಗ ಬಸವಕಲ್ಯಾಣದ ಹೆಸರು ಕಲ್ಯಾಣಿ, ನವಾಬರ ಜಾಗೀರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಸಂಸ್ಥಾನದಲ್ಲಿ ಮರಾಠಿ, ಕನ್ನಡ, ಹಿಂದುಸ್ತಾನಿ ಮೂರರಲ್ಲೂ ಪದ ಹಾಡುತ್ತಿದ್ದರು. ಮಕ್ಕಳ ಕಿವಿಗೆ ಮೂರೂ ಬೀಳುತ್ತಿದ್ದವು. ಕಣ್ಣಿಗೆ ಬೀಳುತ್ತಿದ್ದದ್ದು ಬಹುತೇಕ ಉರ್ದು. ಆಡಳಿತ ಉರ್ದು, ಮೇಲಿನ ತರಗತಿಗಳ ಪಾಠ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಬೀದರ ಜಿಲ್ಲೆಯ ಮನೆಮನೆಯ ಮಾತು. ಅಂಥ ಮಠಗಳಲ್ಲಿ ಮಕ್ಕಳ ಮೊದಲ ಓದಿನ ಪುಸ್ತಕವೆಂದರೆ ವಚನ, ಶರಣರ ಚರಿತ್ರೆ. 'ಮಕ್ಕಳಿಗೆ' ಎಂದು ಬೇರೆ ಮಾಡಿದ ಪುಸ್ತಕ ಅಲ್ಲಿರಲಿಲ್ಲ.

ಅದೇ ಹೊತ್ತಿಗೆ ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮತ್ತು ಗೆಳೆಯರು ಮಕ್ಕಳ ಪುಸ್ತಕಕ್ಕಾಗಿಯೇ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದರು. ಮೈಸೂರು ಸೀಮೆಯಲ್ಲಿ ಜಿ.ಪಿ. ರಾಜರತ್ನಂ ಶಿಶುಗೀತೆ ಬರೆಯುತ್ತಿದ್ದರು, ಶಿವರಾಮ ಕಾರಂತರ 'ಬಾಲ ಪ್ರಪಂಚ' ಬಂದಿತ್ತು. ಬಾಲ್ಯವೆಂಬ ಪ್ರತ್ಯೇಕ ಕೋಣೆ, ಅದಕ್ಕೆ ಪ್ರತ್ಯೇಕ ಬಾಗಿಲು ಎಂಬ ಕಲ್ಪನೆ ಅಲ್ಲಿಂದ ಬಂತು. ಅದು ನಮ್ಮ ಕಡೆ ತಲುಪಿದ್ದು ತಡವಾಗಿ. ಕೊಪ್ಪಳ ಸೀಮೆಯ ಸಿದ್ದಯ್ಯ ಪುರಾಣಿಕರು ಈ ಎರಡೂ ಲೋಕಗಳ ನಡುವಿನವರು. ಉಸ್ಮಾನಿಯಾದಲ್ಲಿ ಓದಿದರು, ನಿಜಾಮ ಸರ್ಕಾರದ ನೌಕರಿ ಸೇರಿದರು. ಮಕ್ಕಳಿಗಾಗಿ ಪದ್ಯ ಬರೆದರು, ದೊಡ್ಡವರಿಗಾಗಿ 'ಶರಣ ಚರಿತಾಮೃತ' ಬರೆದರು. ಎರಡನೆಯದನ್ನೂ ನಮ್ಮ ಕಡೆ ಮಕ್ಕಳಿಗೆ ಓದಿ ಹೇಳುವುದುಂಟು. ಬರೆದವರು ಹಾಕಿದ ಗೆರೆಯನ್ನು ಅಜ್ಜಿಯರು ಲೆಕ್ಕಕ್ಕೆ ಹಿಡಿಯುವುದಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅದೇ 1956ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತು, ಅದನ್ನು ಈಗ ವಕೀಲರೂ ಮರೆತಿದ್ದಾರೆ: ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆ. ಅಮೆರಿಕದ ಭೂತಪ್ರೇತ ಕಾಮಿಕ್ಸ್ ಬಗ್ಗೆ ಆಗ ಜಗತ್ತಿನಾದ್ಯಂತ ಗಾಬರಿಯಿತ್ತು, ಇಂಗ್ಲೆಂಡ್ 1955ರಲ್ಲಿ ಇಂಥದೇ ಕಾನೂನು ತಂದಿತ್ತು. ನಮ್ಮ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷದ ಒಳಗಿನವರೆಲ್ಲ ಎಳೆಯರು. ಅಪರಾಧ, ಹಿಂಸೆ, ಕ್ರೌರ್ಯ, ಅಸಹ್ಯ ಅಥವಾ ಭಯಂಕರ ಘಟನೆಗಳೇ ಮುಖ್ಯವಾದ ಕಥೆ ಎಳೆಯರನ್ನು ಕೆಡಿಸುವಂತಿದ್ದರೆ ಅದನ್ನು ಮಾರುವವರಿಗೆ ಆರು ತಿಂಗಳವರೆಗೆ ಸಜೆ. ಹರಳಯ್ಯನ ಎಳೆಹೂಟೆಯನ್ನು ಈ ಪಟ್ಟಿಯ ಮುಂದೆ ಹಿಡಿದರೆ ಕ್ರೌರ್ಯ ಎಂಬ ಕಲಮಿಗೆ ಸರಿಯಾಗಿ ಕೂರುತ್ತದೆ. ಆದರೆ 'ಕೆಡಿಸುವಂತಿದ್ದರೆ' ಎಂಬ ಮಾತು ಅದನ್ನು ಉಳಿಸುತ್ತದೆ. ಕಾನೂನು ಬರೆದವರಿಗೆ ಕನಿಷ್ಠ ಇಷ್ಟು ತಿಳಿದಿತ್ತು: ಕ್ರೌರ್ಯ ಇದೆಯೇ ಎಂಬುದಲ್ಲ, ಅದು ಯಾರ ಪರವಾಗಿ ಮಾತಾಡುತ್ತದೆ ಎಂಬುದು ಮುಖ್ಯ. ನಮ್ಮ ಮಕ್ಕಳ ಪುಸ್ತಕಗಳು ಅಷ್ಟು ವಿವೇಚನೆಯನ್ನೂ ಇಟ್ಟುಕೊಳ್ಳಲಿಲ್ಲ.

1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಮರುವರ್ಷ ಏಪ್ರಿಲ್‌ನಿಂದ ಜಾರಿ. ಗ್ರಂಥಾಲಯ ಕರ ಕಟ್ಟುವವರು ಊರವರು, ಪುಸ್ತಕ ಆರಿಸುವುದು ರಾಜ್ಯಮಟ್ಟದ ಸಮಿತಿ. ಚಾಮರಾಜನಗರಕ್ಕೆ ಹೋದ ಮಕ್ಕಳ ಕಥೆಯೇ ಹುಮನಾಬಾದಿಗೂ ಬರುತ್ತದೆ, ಬೆಟ್ಟ, ಕಾಫಿ ತೋಟ, ಜಡಿಮಳೆಯ ಸಮೇತ. ತೊಗರಿ ಹೊಲ, ಕೆಂಪು ಮುರಕಲ್ಲಿನ ಬಾವಿ, ಮನೆಯಲ್ಲಿ ಒಂದು ಭಾಷೆ ಓಣಿಯಲ್ಲಿ ಇನ್ನೊಂದು ಆಡುವ ಹುಡುಗ, ಇವರು ಮಕ್ಕಳ ಕಥೆಯಲ್ಲಿ ಅಪರೂಪ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ 510 ಕಿರುಪುಸ್ತಕಗಳು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದವು, ಅಮರ ಚಿತ್ರ ಕಥೆಯಲ್ಲಿ ಬಸವೇಶ್ವರರ ಚಿತ್ರಪುಸ್ತಕ ಬಂತು. ಕಲ್ಯಾಣದ ಕಥೆ ಕಲ್ಯಾಣದ ಮಕ್ಕಳಿಗೆ ಅಚ್ಚಾಗಿ ಸಿಕ್ಕಿದ್ದು ಹೀಗೆ, ಬೆಂಗಳೂರು ಮುಂಬೈಗಳನ್ನು ಸುತ್ತಿ. ದೊಡ್ಡವರಿಗೆ ಅದೇ ಕಥೆ ಲಂಕೇಶರ 'ಸಂಕ್ರಾಂತಿ'ಯಾಗಿ, ಕಾರ್ನಾಡರ 'ತಲೆದಂಡ'ವಾಗಿ ಬಂತು. ಹದಿನಾಲ್ಕರ ಹುಡುಗಿಗೆ ಈ ಎರಡರ ನಡುವೆ ಏನಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಹದಿಹರೆಯದವರಿಗೆ ಯಾರೂ ಕೊಡದಿದ್ದಾಗ ಅವರೇ ಆರಿಸಿಕೊಂಡರು. ನನ್ನ ಅಪ್ಪ ಹುಮನಾಬಾದಿನಲ್ಲಿ ಓದುವಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಭೂಗೋಳದ ಪುಸ್ತಕದೊಳಗೆ ಇಟ್ಟು ಓದುತ್ತಿದ್ದರಂತೆ. ಪಕ್ಕದ ಬೆಂಚಿನ ಗೆಳೆಯ ಇಬ್ನೆ ಸಫಿಯ 'ಜಾಸೂಸಿ ದುನಿಯಾ' ಓದುತ್ತಿದ್ದ. ಅಪ್ಪನಿಗೆ ಉರ್ದು ಓದಲು ಬರುತ್ತಿರಲಿಲ್ಲ, ಗೆಳೆಯನಿಗೆ ಕನ್ನಡ ಕಾದಂಬರಿಯ ರುಚಿ ಇರಲಿಲ್ಲ. ಸಂಜೆ ವೀರಭದ್ರೇಶ್ವರ ಗುಡಿಯ ಕಡೆ ನಡೆಯುತ್ತ ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳುತ್ತಿದ್ದರು. 'ಅವನ್ದು ನಮ್ದಕ್ಕಿಂತ ಮಸ್ತ್ ಇರ್ತಿತ್ತು' ಎಂದು ಅಪ್ಪ ಇವತ್ತೂ ಒಪ್ಪುತ್ತಾರೆ. ಯಾವ ಸಮಿತಿಯೂ ಆ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ತೂಗಿರಲಾರದು. ಅಜ್ಜನ ಕೈಗೆ ಒಂದು ಪುಸ್ತಕ ಸಿಕ್ಕಿಬಿದ್ದು ಬಚ್ಚಲ ಒಲೆಗೆ ಹೋಯಿತು. ನಸೂಹನ ಪ್ರಸಂಗ ಓದಿದಾಗ ನನಗೆ ನೆನಪಾದದ್ದು ಅದೇ ಒಲೆ.

ಈಗ ಅಳತೆಗೋಲುಗಳು ಹೆಚ್ಚಾಗಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳಿಗೂ ಒಂದರಿಂದ ನಾಲ್ಕರವರೆಗೆ ಹಂತಗಳಿವೆ. ಅಲ್ಲಿ ತೂಗುವುದು ವಾಕ್ಯದ ಉದ್ದ, ಪದಗಳ ಕಷ್ಟವನ್ನು. ಇದು ಪ್ರಾಮಾಣಿಕ ಅಳತೆ, ಮಗುವಿನ ನಡತೆಗೆ ಕೈಹಾಕುವುದಿಲ್ಲ. ಆದರೆ ಬೀದರ ಸೀಮೆಯ ಮಗುವಿಗೆ 'ಅವಳು ಹೋಗುತ್ತಿದ್ದಾಳೆ' ಎಂಬುದು ಒಂದನೇ ಹಂತದ ವಾಕ್ಯವೇ ಎಂದು ಕೇಳಬೇಕು. ಅದರ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಟಾಟಾ ಟ್ರಸ್ಟ್ಸ್‌ನ ಪರಾಗ್ ವರ್ಷದ ಒಳ್ಳೆಯ ಮಕ್ಕಳ ಪುಸ್ತಕಗಳ ಪಟ್ಟಿ ಕೊಡಲು 2020ರಲ್ಲಿ ಶುರುಮಾಡಿತು, ಇಂಗ್ಲಿಷ್ ಮತ್ತು ಹಿಂದಿಗೆ. ಕನ್ನಡಕ್ಕೆ ಅಕಾಡೆಮಿಯ ಪುರಸ್ಕಾರವಿದೆ. ನಮ್ಮ ಕಡೆಯವರಾದ ಚಂದ್ರಕಾಂತ ಕರದಳ್ಳಿ ಅವರಿಗೆ 2019ರಲ್ಲಿ ಅದು ಬಂದಾಗ ಇಲ್ಲಿಯ ಮೇಷ್ಟರುಗಳಿಗೆ ಖುಷಿಯಾಗಿತ್ತು. ಆದರೂ ಆ ಪುರಸ್ಕಾರದ ಕೊನೆಯ ಮಾತು ಮೂವರು ದೊಡ್ಡವರದು. ಓದುವ ಮಗುವಿನ ಮಾತಿಗೆ ಅಲ್ಲಿ ಕಲಮಿಲ್ಲ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಆರರಿಂದ ಹದಿನೆಂಟು ವಯಸ್ಸಿನವರಿಗೆ ಉಚಿತ ಸದಸ್ಯತ್ವ. ಕೊರೋನಾದಲ್ಲಿ ಶಾಲೆ ಮುಚ್ಚಿದ್ದ ಕಾಲ, ಹುಡುಗಿಯರು ಮೊದಲ ಬಾರಿಗೆ ಗ್ರಂಥಾಲಯದೊಳಗೆ ಕಾಲಿಟ್ಟದ್ದು ಆಗ ಎಂದು ಮೇಲ್ವಿಚಾರಕರು ಹೇಳುತ್ತಾರೆ. ಅದಕ್ಕೂ ಮೊದಲು ಅದು ಗಂಡಸರು ಪೇಪರ್ ಓದುವ ಜಾಗ.

ಆನೆಯ ವಿಷಯಕ್ಕೆ ಮರಳಬೇಕು, ಯಾಕೆಂದರೆ ಅಲ್ಲಿ ನಾನೂ ಎಡವಿದೆ. ಹುಡುಗಿಯ ಮಾತು ಕೇಳಿ ಹಳೆಯ ಗ್ರಂಥಗಳನ್ನು ತೆಗೆದೆ. ಭೀಮಕವಿಯ ಬಸವಪುರಾಣದಲ್ಲಿ (1369) ಬಿಜ್ಜಳ ಆ ಇಬ್ಬರು ಶರಣರ ಕಣ್ಣು ಕೀಳಿಸುತ್ತಾನೆ. ಆನೆ ಎಳೆದದ್ದು ಆಮೇಲಿನ ಕಥನಗಳಲ್ಲಿ, ಜನರ ಬಾಯಲ್ಲಿ ಬಂದದ್ದು. ಆನೆ ಇಲ್ಲದ ಪುಸ್ತಕ ಒಂದರ್ಥದಲ್ಲಿ ಹಳೆಯ ಪಠ್ಯಕ್ಕೇ ಹತ್ತಿರ ಎಂದು ಅವಳಿಗೆ ಹೇಳಬೇಕೆಂದುಕೊಂಡೆ, ಸಂಶೋಧಕರ ಹೆಮ್ಮೆಯಿಂದ. ಮರುವಾರ ಹೇಳಿಯೂ ಬಿಟ್ಟೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಹಂಗಾರ ಇದ್ರಾಗ ಕಣ್ಣು ಕಿತ್ತಿದ್ದಾದ್ರೂ ಇರಬೇಕಿತ್ತಲ್ಲಾ?"

ಇರಲಿಲ್ಲ. ಏಳುನೂರು ವರ್ಷಗಳಿಂದ ಹೇಳುವವರೆಲ್ಲ ಶಿಕ್ಷೆಯ ಬಗೆ ಬದಲಾಯಿಸಿದ್ದಾರೆ, ಶಿಕ್ಷೆಯೇ ಇಲ್ಲವೆಂದವರಿಲ್ಲ. ಆ ಕೆಲಸವನ್ನು ಮೊದಲು ಮಾಡಿದ್ದು 'ಮಕ್ಕಳಿಗಾಗಿ' ಎಂಬ ಪದ. ಮದುವೆಯ ನಂತರ ಏನಾಯಿತೆಂದು ಹೇಳದಿದ್ದರೆ ಆ ಮದುವೆ ಯಾಕೆ ದೊಡ್ಡದೆಂದು ಹುಡುಗರಿಗೆ ಹೇಗೆ ತಿಳಿಯಬೇಕು? ಸಮಗಾರರ ಹುಡುಗ, ಬ್ರಾಹ್ಮಣರ ಹುಡುಗಿ ಎಂಬುದನ್ನೂ ಆ ಪುಸ್ತಕ 'ಬೇರೆ ಬೇರೆ ಕಾಯಕದ ಮನೆತನಗಳು' ಎಂದು ಸಾರಿಸಿಬಿಟ್ಟಿದೆ. ಇಂಥ ಮದುವೆಗೆ ಇವತ್ತಿಗೂ ಏನಾಗುತ್ತದೆಂದು ಪೇಪರ್ ಓದಲು ಬರುವ ಗಂಡಸರ ಎದುರಿಗೇ ಮೇಜಿನ ಮೇಲೆ ಬಿದ್ದಿರುತ್ತದೆ, ಅದಕ್ಕೆ ವಯಸ್ಸಿನ ಕಲಮಿಲ್ಲ.

ಎಲ್ಲ ಮಕ್ಕಳೂ ಅವಳಂತೆ ಯೋಚಿಸುತ್ತಾರೆಂದಲ್ಲ. ಅದೇ ಪುಸ್ತಕಕ್ಕೆ ಒಬ್ಬ ಹುಡುಗ ಐದು ಚುಕ್ಕಿ ಕೊಟ್ಟು 'ಚಪ್ಲಿ ಚಿತ್ರ ಚಂದ ಅದಾ' ಎಂದು ಬರೆದಿದ್ದ. ಇನ್ನೊಬ್ಬಳು 'ಅಕ್ಷರ ದೊಡ್ಡ ಅವ' ಎಂದು ನಾಲ್ಕು ಕೊಟ್ಟಿದ್ದಳು. ಇವೂ ಸರಿಯಾದ ಕಾರಣಗಳೇ.

ನಾನು ಹೊರಡುವ ದಿನ ಮೇಲ್ವಿಚಾರಕರು ಕಪಾಟಿಗೆ ಅಂಟಿಸಲು ಪಟ್ಟಿ ತಯಾರು ಮಾಡುತ್ತಿದ್ದರು, ಪುಸ್ತಕದ ಹೆಸರು, ಎದುರಿಗೆ ವಯಸ್ಸು. ಹರಳಯ್ಯನ ಪುಸ್ತಕದ ಸಾಲಿಗೆ ಬಂದು ಪೆನ್ನು ನಿಲ್ಲಿಸಿ, "ಇದಕ್ಕ ಎಷ್ಟು ಬರೀಲ್ರಿ ಮೇಡಂ?" ಎಂದು ಕೇಳಿದರು. ಹುಡುಗಿ ಕಿಟಕಿಯ ಬಳಿ ಕೂತು ಬೇರೇನೋ ಓದುತ್ತಿದ್ದಳು. ಅವಳನ್ನೇ ಕೇಳಿ ಅಂದೆ. ಅವರು ಕೇಳಿದರು. ಅವಳು ತಲೆ ಎತ್ತದೆ, "ಸಣ್ಣೋರಿಗಿ ಅಂತ ಬರೀರಿ, ನಾಕು ವರ್ಷ" ಅಂದಳು.

ಅವರು ನನ್ನ ಮುಖ ನೋಡಿ, ಆಮೇಲೆ ಹಾಗೇ ಬರೆದುಕೊಂಡರು.